ಮಾಮಾನ ಮೂಗಿಗೊಂದು ಗಿಡ್ಡ ಸಿಗಾರ್

ಗೆಳೆಯ ಗೋವಾದಿಂದ ತಂದುಕೊಟ್ಟ ತಗಡಿನ ಡಬ್ಬಿಯಲ್ಲಿ ಕಿರುಬೆರಳುದ್ದದ ಸಿಗಾರ್‌ಗಳಿದ್ದವು. ಮುಚ್ಚಳದ ಮೇಲೆ ಕಾಫಿ, ಕೋಕೋ, ಚರ್ಮ ಎಂದು ರುಚಿಗಳ ಪಟ್ಟಿ. ಚರ್ಮದ ರುಚಿ ಯಾರು ನೋಡಿದ್ದಾರೆ? ಹೊಗೆಗಿರುವುದು ಹೊಗೆಯ ರುಚಿ, ಉಳಿದದ್ದು ಮಾರುವವನ ಮಾತು ಎಂಬುದು ನನ್ನ ವಾದ. ಇದಕ್ಕೆ ಲಕ್ಷ್ಮೇಶ್ವರದಲ್ಲಿ ಜೋಳದ ವ್ಯಾಪಾರ ಮಾಡುವ ನನ್ನ ಮಾಮಾನಿಗಿಂತ ಒಳ್ಳೆಯ ಸಾಕ್ಷಿ ಇರಲಿಲ್ಲ: ಹೋದ ವರ್ಷದ ಜ್ವರದಲ್ಲಿ ಅವನ ಮೂಗು ಸತ್ತೇಹೋಗಿತ್ತು, ಡಬ್ಬಿಯ ಮಾತಿಗೆ ಮರುಳಾಗಲು ಅವನಲ್ಲಿ ಮೂಗೇ ಇರಲಿಲ್ಲ. ಹಿಡಿ ಕಾಳು ಮೂಸಿ ಮಾಲಿನ ಗುಣ ಹೇಳುತ್ತಿದ್ದವನು ಈಗ ಮೂಸಿದಂತೆ ನಟಿಸುತ್ತಿದ್ದ. ಪೇಟೆಗೆ ಇದು ಗೊತ್ತಾದರೆ ತನ್ನ ಮಾತಿಗೆ ಬೆಲೆಯಿಲ್ಲ ಎಂಬ ಭಯದಲ್ಲೇ ದಿನಾ ಅಂಗಡಿ ತೆರೆಯುತ್ತಿದ್ದ.

ಊಟವಾದ ಮೇಲೆ ಇಬ್ಬರೂ ಅಂಗಡಿಯ ಮಾಳಿಗೆ ಹತ್ತಿದೆವು. ನಾನು ಒಂದು ಸಿಗಾರ್ ಹಚ್ಚಿ ಬೀಡಿ ಸೇದಿದಂತೆ ಎದೆತುಂಬ ಎಳೆದೆ. ತಲೆ ಗಿರ್ರೆಂದು, ಎದುರಿನ ನೀರಿನ ಟಾಕಿ ನನ್ನ ಕಡೆಗೇ ನಡೆದುಬಂತು.

"ನುಂಗಬ್ಯಾಡೋ ಹುಚ್ಚಪ್ಪಾ! ಬಾಯಾಗ ಹೊರಳಿಸಿ ಹೊರಗ ಬಿಡು."

ಹಾಗೇ ಮಾಡಿದೆ. ಮೊದಲು ಕಹಿ, ಆಮೇಲೆ ನಾಲಿಗೆಯ ತುದಿಗೆ ಯಾವುದೋ ಗಟ್ಟಿ ಸಿಹಿ. ನನ್ನ ವಾದಕ್ಕೆ ಅನುಕೂಲವಿಲ್ಲದ್ದರಿಂದ ಬಾಯಿಬಿಡಲಿಲ್ಲ. ಮಾಮಾ ಸಿಗಾರನ್ನು ಕಿತ್ತುಕೊಂಡು ಒಂದು ದಮ್ಮೆಳೆದು ಮೂಗಿನಿಂದ ಬಿಟ್ಟ. ಇನ್ನೊಂದು ಎಳೆದ. ಕಣ್ಣು ಅಗಲವಾದವು.

"ಬೆಲ್ಲದ ಕೊಪ್ಪರಗಿ ತಳಾ ಹಿಡದಂಗ ಐತ್ಲೇ. ನನಗ ವಾಸನಿ ಬರಾಕತ್ತೇತೋ ಅಳಿಯಾ!"

ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಬೆಲ್ಲ ಇರಲಿಲ್ಲ. ಆದರೂ ನಾನು ಬಿಡುವವನೇ? "ಅದು ನೆನಪು ಮಾಮಾ, ವಾಸನಿ ಅಲ್ಲ. ಆಸೆ ಇದ್ರ ತಲಿ ಏನ್ ಬೇಕಾದ್ರೂ ಹುಟ್ಟಸ್ತೈತಿ. ಪರೀಕ್ಷೆ ಆಗ್ಲಿ."

"ಮಾಡಲೇ! ನಿಮ್ಮಪ್ಪನ್ನೂ ಕರ್ಕೊಂಡ್ ಬಾ!"

ಅವನ ಕಣ್ಣಿಗೆ ಟವೆಲ್ ಕಟ್ಟಿ, ತೂರಾಡುತ್ತ ಕೆಳಗಿಳಿದು ಮೂರು ಬಟ್ಟಲು ತಂದೆ. ಮೊದಲನೆಯದು ಖಾಲಿ. "ಏನೂ ಇಲ್ಲ," ಎಂದ. ಎರಡನೆಯದು ಮೆಣಸಿನಕಾಯಿ ಪುಡಿ. ಭರ್ಜರಿಯಾಗಿ ಸೀನಿ, "ಖಾರಪುಡಿ!" ಎಂದು ಕುಣಿದ.

"ನಡಿಯೂದಿಲ್ಲ. ಉರಿಗೆ ಯಾರ್ ಬೇಕಾದ್ರೂ ಸೀನ್ತಾರ."

"ಕೋರ್ಟ್ ಬಿಟ್ಟು ನಮ್ಮ ಮನ್ಯಾಗ ಯಾಕ ಹುಟ್ಟಿದಿಲೇ ನೀ?"

ಮೂರನೆಯದು ಬಾಗಿಲ ಬಳಿಯ ಚೀಲದ ಜೋಳ. ಮೂಸಿದ. ನಗು ನಿಂತಿತು. ಮತ್ತೆ ಮೂಸಿದ.

"ಜೋಳ. ಮುಗ್ಗಲು ಹೊಡಿಯಾಕತ್ತೇತಿ."

"ಸೋತಿ! ನಿನ್ನೆ ನೀನ ಮೂಸಿ, ಛಲೋ ಮಾಲು ಅಂತ ಇಳಿಸ್ಕೊಂಡೀ."

"ನಿನ್ನೆ ಎಲ್ಲಿತ್ತಲೇ ನನಗ ಮೂಗು?"

ಟವೆಲ್ ಕಿತ್ತೆಸೆದು ಧಡಧಡ ಇಳಿದ. ಚೀಲದೊಳಗೆ ಹೆಗಲವರೆಗೆ ಕೈಹಾಕಿ ತಳದಿಂದ ಹಿಡಿ ಕಾಳು ತೆಗೆದ: ಹಸಿರು ಬೂಷ್ಟು ಹಿಡಿದು ಉಂಡೆಗಟ್ಟಿತ್ತು.

"ನೋಡಲೇ, ಎಷ್ಟ ಛಂದ ಕೆಟ್ಟೈತಿ!" ಎಂದು ಅದನ್ನು ಎದೆಗೊತ್ತಿಕೊಂಡು ಕುಣಿದಾಡಿದ. ಮಾಲು ಕೆಟ್ಟದ್ದಕ್ಕೆ ಅಷ್ಟು ಹಿಗ್ಗಿದ ವ್ಯಾಪಾರಿಯನ್ನು ನಾನು ಮತ್ತೆ ಕಂಡಿಲ್ಲ.

ಸಿಗಾರೇ ಮೂಗು ತೆರೆಸಿತೆಂದು ನಾನು ಈಗಲೂ ಒಪ್ಪುವುದಿಲ್ಲ. ಒಂದು ಮೂಗಿನ ಮೇಲೆ ಸಿದ್ಧಾಂತ ಕಟ್ಟಲಾಗದು. ಅದು ತಾನಾಗಿಯೇ ತೆರೆಯುತ್ತಿದ್ದಿರಬಹುದು. ಅಂದೂ ಇದನ್ನೇ ಹೇಳಲು ಹೊರಟೆ. ಕೇಳುವವರು ಯಾರು? ಮಾಮಾ ಪಕ್ಕದ ಚೀಲ ಮೂಸಿದ, ಅದರಾಚೆಯದನ್ನು ಮೂಸಿದ, ತಕ್ಕಡಿ ಮೂಸಿದ, ಕೊನೆಗೆ ನನ್ನ ತಲೆ ಹಿಡಿದೆಳೆದು ಮೂಸಿದ.

"ಎಣ್ಣಿ ಹಚ್ಚಿ ಎಷ್ಟ ದಿನಾ ಆತ್ಲೇ? ಕಮಟು ಹೊಡಿಯಾಕತ್ತೇತಿ. ಹೋಗು, ತೊಳಕೋ."