ಹದಿನೇಳರ ತಲೆಯ ಬೋಲ್ಟು

ಅವಳನ್ನು ಗೇಜಕ್ಕ ಎಂದು ಕರೆಯುತ್ತಿದ್ದದ್ದು ಬೆನ್ನ ಹಿಂದೆ. ಎದುರಿಗೆ ಎಲ್ಲರೂ ಬರೀ ಅಕ್ಕ ಎನ್ನುತ್ತಿದ್ದರು, ಅದೂ ಕೌಂಟರಿನಿಂದ ಸ್ವಲ್ಪ ದೂರ ನಿಂತು. ಮೋಟಾರ್‌ಸೈಕಲ್ ಗ್ಯಾರೇಜುಗಳೇ ತುಂಬಿದ್ದ ಆ ಬೀದಿಯಲ್ಲಿ ನಟ್ಟು ಬೋಲ್ಟಿನ ಅಂಗಡಿ ಅವಳದೊಂದೇ. ಎಂಟಡಿ ಅಗಲದ ಕೋಣೆ, ಮೂರು ಗೋಡೆಗೂ ಸೂರಿನವರೆಗೆ ತಗಡಿನ ಪುಟ್ಟ ಡ್ರಾಯರುಗಳು. ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಥ್ರೆಡ್ ಗೇಜು, ಬೋಲ್ಟಿನ ಸುರುಳಿ ಹಲ್ಲನ್ನು ಅಳೆಯುವ ಸಾಧನ. ತೆಳು ಉಕ್ಕಿನ ಎಲೆಗಳ ಗೊಂಚಲು ಅದು. ಒಂದೊಂದು ಎಲೆಯ ಅಂಚಿಗೂ ಒಂದೊಂದು ಅಂತರದ ಹಲ್ಲು.

ಅಂಗಡಿಗೆ ಬರುವ ಮೊದಲು ಅವಳು ಹನ್ನೊಂದು ವರ್ಷ ಯಂತ್ರದ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿಗೆ ಕೂತವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಬುಟ್ಟಿಗೆ ಎಸೆಯುವುದೇ ಅಲ್ಲಿನ ಕೆಲಸ. ಆ ಅಭ್ಯಾಸ ಕೈಯಿಂದ ನಾಲಿಗೆಗೆ ಇಳಿದಿತ್ತು. ಅಪ್ಪ ತೀರಿಕೊಳ್ಳುವ ಮುಂಚೆ ಅಂಗಡಿಯನ್ನು ಮಗನಿಗೆ ಬಿಡದೆ ಮಗಳಿಗೆ ಬಿಟ್ಟ. ಅವನಿಗೆ ಕೈ ಇದೆ, ತಾಳ್ಮೆ ಇಲ್ಲ ಎಂದಿದ್ದನಂತೆ. ತಮ್ಮ ಅದನ್ನು ಮರೆಯಲಿಲ್ಲ. ಬೀದಿಯ ಆಚೆ ಬದಿಯಲ್ಲಿ, ಅವಳ ಕಣ್ಣೆದುರಿಗೇ ಗ್ಯಾರೇಜು ತೆರೆದ. ಅಮ್ಮ ಅವನ ಜೊತೆಗೇ ಉಳಿದಳು.

ಯಾರಾದರೂ ಬಂದು ಹತ್ತರ ಬೋಲ್ಟ್ ಕೊಡಿ ಅಂದರೆ ಅವಳ ಮುಖ ಗಂಟಾಗುತ್ತಿತ್ತು. "ಹತ್ತು ಅಂದ್ರೆ ಸ್ಪ್ಯಾನರ್ ಹತ್ತೋ, ಬೋಲ್ಟೇ ಹತ್ತೋ?" ಅವಳ ಸಿಟ್ಟಿಗೆ ಕಾರಣವೂ ಇತ್ತು. ಹತ್ತರ ಸ್ಪ್ಯಾನರು ಹಿಡಿಯುವ ಬೋಲ್ಟಿನ ದಪ್ಪ ಬರೀ ಆರು ಮಿಲಿಮೀಟರು. ತಲೆಯ ಅಳತೆ ಬೇರೆ, ಮೈಯ ಅಳತೆ ಬೇರೆ, ಹಲ್ಲಿನ ಅಂತರ ಇನ್ನೂ ಬೇರೆ. ಹಳೆಯ ಬೋಲ್ಟು ತಾರದವರನ್ನು ಅವಳು ವಾಪಸು ಅಟ್ಟುತ್ತಿದ್ದಳು. ತಂದವರಿಗೂ, ಇದನ್ನು ಬಿಚ್ಚಿದ್ದು ಕೈಯಲ್ಲೋ ಹಲ್ಲಲ್ಲೋ ಎಂದು ಕೇಳದೆ ಬಿಡುತ್ತಿರಲಿಲ್ಲ.

ಅವಳ ಗಂಡ ಮನೆಮನೆಯ ನೀರಿನ ಮೀಟರು ಓದುವ ನೌಕರ, ಮಾತು ಕಮ್ಮಿ. ಒಂದು ಬೆಳಗ್ಗೆ ಪೇಟೆಯ ಇಳಿಜಾರಿನಲ್ಲಿ ಅವನು ಬೈಕಿನ ಮುಂದಿನ ಬ್ರೇಕು ಹಿಡಿದ. ಹಿಡಿದದ್ದೇ ತಡ, ಡಿಸ್ಕನ್ನು ಅಮುಕುವ ಕ್ಯಾಲಿಪರು ಒಂದು ಬೋಲ್ಟು ಕಳಚಿ ವಾಲಿ, ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು. ಗಾಡಿ ತಲೆಕೆಳಗಾಯಿತು. ಅವನ ಮಂಡಿಚಿಪ್ಪು ಎರಡು ಹೋಳಾಯಿತು.

ಆ ಬ್ರೇಕನ್ನು ಹಿಂದಿನ ವಾರವಷ್ಟೇ ರಿಪೇರಿ ಮಾಡಿದ್ದವನು ಅವಳ ತಮ್ಮ. ಮೂರೇ ದಿನದಲ್ಲಿ ಬೀದಿಯ ಬಾಯಲ್ಲೆಲ್ಲ ಒಂದೇ ಮಾತು: ಬೋಲ್ಟು ಅಕ್ಕನ ಅಂಗಡಿಯದಂತೆ, ಗಂಡನಿಗೇ ಕಳಪೆ ಮಾಲು ಕೊಟ್ಟಳಂತೆ. ಹೇಳಿದವನು ತಮ್ಮನೇ. ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ದೂರದ ಅಂಗಡಿಗೆ ಹೋಗತೊಡಗಿದರು. ನಿನ್ನೆಯವರೆಗೆ ಬೈಸಿಕೊಂಡು ಹೋದವರು ಈಗ ಅವಳ ಅಂಗಡಿಯ ಮುಂದೆ ತಲೆ ಎತ್ತಿಕೊಂಡು ನಡೆದರು.

ಅವಳು ಎರಡು ಸ್ಪ್ಯಾನರು ಹಿಡಿದು ಬೀದಿ ದಾಟಿದಳು. ಬಿದ್ದ ಗಾಡಿ ತಮ್ಮನ ಗ್ಯಾರೇಜಿನ ಪಕ್ಕದಲ್ಲೇ ಒರಗಿತ್ತು. ಒಂದು ಬೋಲ್ಟು ರಸ್ತೆಪಾಲಾಗಿದ್ದರೂ ಇನ್ನೊಂದು ಇನ್ನೂ ಕ್ಯಾಲಿಪರಿನಲ್ಲಿತ್ತು. ಹತ್ತು ಮಿಲಿಮೀಟರಿನ ಆ ಜಾಗದ ಅಸಲಿ ಬೋಲ್ಟಿಗೆ ಹದಿನಾಲ್ಕರ ಸ್ಪ್ಯಾನರು ಕೂರಬೇಕು. ಕೂರಲಿಲ್ಲ. ಹದಿನೇಳರದ್ದು ಕೂತಿತು. ಬಿಚ್ಚಿ ಗೇಜು ಹಿಡಿದಳು. ಅಲ್ಲಿ ಕಚ್ಚಬೇಕಾದ ಒಂದೂಕಾಲರ ಎಲೆ ಅಲುಗಾಡಿತು. ಒಂದೂವರೆಯದು ಹಲ್ಲಿಗೆ ಹಲ್ಲು ಕಚ್ಚಿತು. ಅಷ್ಟರಲ್ಲಿ ನಾಲ್ಕೈದು ಮೆಕ್ಯಾನಿಕ್ಕುಗಳು ಸುತ್ತ ಸೇರಿದ್ದರು.

"ಇದು ಕಬ್ಬಿಣದ ಗೇಟಿಗೆ ಹಾಕೋ ಬೋಲ್ಟು," ಎಂದಳು ತಮ್ಮನಿಗೆ. "ಇಂಥದ್ದೊಂದು ನನ್ನ ಅಂಗಡೀಲಿ ಹುಡುಕಿಕೊಡು, ಇವತ್ತೇ ಬಾಗಿಲು ಹಾಕ್ತೀನಿ. ಎಲ್ಲಿಂದಲೋ ಕಸ ಎತ್ಕೊಂಡು ಬಂದು ತುರುಕಿದೀಯ, ಹೆಸರು ಮಾತ್ರ ನಂದು."

ಭಾವನೇ ನಿನ್ನ ಅಂಗಡಿಯಿಂದ ತಂದುಕೊಟ್ಟದ್ದು, ಬೇಕಾದರೆ ಮನೆಗೆ ಹೋಗಿ ಕೇಳು ಎಂದ ತಮ್ಮ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಸರಿಯಾದ ಬೋಲ್ಟು ಕೊನೇವರೆಗೂ ಬೆರಳಲ್ಲೇ ತಿರುಗುತ್ತೆ. ಇದು ಎರಡು ಸುತ್ತಿಗೇ ಬಿಗಿದಿರುತ್ತೆ. ಆಗ ನಿನ್ನ ಕೈಗೆ ಗೊತ್ತಾಗ್ಲಿಲ್ವ?"

ತಮ್ಮ ತನ್ನ ಅಂಗೈ ನೋಡಿಕೊಂಡ. ಉದ್ದನೆಯ ಹಿಡಿಕೆ ಹಾಕಿ ತಾನು ಬೋಲ್ಟನ್ನು ಜಗ್ಗಿ ತಿರುಗಿಸಿದ್ದು, ಒಳಗಿನ ಮೆದು ಲೋಹದ ಥ್ರೆಡ್ಡು ಪುಡಿಯಾಗಿ ಉದುರಿದ್ದು ಅವನಿಗೆ ನೆನಪಿರಬೇಕು. ಅವನು ಅಂಗೈ ನೋಡಿಕೊಂಡದ್ದನ್ನು ಸುತ್ತ ನಿಂತವರೆಲ್ಲ ನೋಡಿದರು.

ಗಾಳಿ ತಿರುಗಿತು. ಅವಳ ಕೌಂಟರು ಮತ್ತೆ ತುಂಬಿತು, ತಮ್ಮನ ಗ್ಯಾರೇಜು ಬಿಕೋ ಎಂದಿತು. ತನಗೆ ಇನ್ನು ಮಗಳಿಲ್ಲ ಎಂದು ಅಮ್ಮ ಹೇಳಿಕಳಿಸಿದಳು. ಹಾಗೇ ಆಗಲಿ ಎಂದು ಇವಳೂ ಹೇಳಿಕಳಿಸಿದಳು.

ಎರಡು ವಾರದ ನಂತರ ಒಂದು ಮಧ್ಯಾಹ್ನ ಗಂಡನಿಗೆ ಊಟ ಬಡಿಸುತ್ತ, ಇವತ್ತೂ ತಮ್ಮನ ಹತ್ತಿರ ಒಂದು ಗಾಡಿಯೂ ಬಂದಿಲ್ಲ ಎಂದಳು. ಧ್ವನಿಯಲ್ಲಿ ಸಂತೋಷವಿತ್ತು. ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದಲ್ಲಿ ಒರಗಿದ್ದ ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಆ ಎರಡೂ ಬೋಲ್ಟು ತಂದಿದ್ದು ನಾನು," ಎಂದ. "ಸಿಮೆಂಟು, ಕಬ್ಬಿಣ ಮಾರೋ ಅಂಗಡಿಯಿಂದ. ನಿನ್ನ ಹತ್ರ ತಗೊಂಡು ಬನ್ನಿ ಅಂತ ಅವನು ಕಳಿಸಿದ್ದ. ನಿನ್ನ ಹತ್ರದ್ದೇ ಅಂತ ಅವನಿಗೆ ಹೇಳ್ದೆ."

"ಯಾಕೆ? ಬೀದಿ ದಾಟಿದ್ರೆ ನಾನಿದ್ನಲ್ಲ?"

"ಹಳೇ ಬೋಲ್ಟು ನನ್ನ ಜೇಬಿಂದ ಎಲ್ಲೋ ಬಿದ್ದುಹೋಗಿತ್ತು. ಬರಿಗೈಲಿ ಬಂದ್ರೆ ಅಷ್ಟು ಜನದ ಮುಂದೆ ಬೈತೀಯ. ಅದಕ್ಕಿಂತ ಬಿದ್ದು ಕಾಲು ಮುರ್ಕೊಳ್ಳೋದೇ ವಾಸಿ ಅಂತ ಈಗ್ಲೂ ಅನ್ನಿಸುತ್ತೆ ನಂಗೆ."

ಅವಳು ಸೌಟನ್ನು ಪಾತ್ರೆಗೆ ಹಾಕಿ ಎದ್ದುಹೋದಳು. ಮೊದಲು ಬಂದದ್ದು ದುಃಖವಲ್ಲ, ಉರಿ. ಇಷ್ಟು ದಿನ ತನ್ನನ್ನು ಬೀದಿಯಲ್ಲಿ ಕುಣಿಯಲು ಬಿಟ್ಟು ಈ ಮನುಷ್ಯ ಗೋಡೆ ನೋಡುತ್ತ ಮಲಗಿದ್ದನಲ್ಲ ಎಂದು. ಆಮೇಲೆ, ಪಾತ್ರೆ ತೊಳೆಯುತ್ತಿದ್ದಾಗ, ಹದಿನೆಂಟು ವರ್ಷ ಜೊತೆಗೆ ಬಾಳಿದವನೇ ತನ್ನ ಕೌಂಟರಿಗೆ ಬರಲು ಹೆದರಿದ ಎಂಬುದು ಮನಸ್ಸಿಗೆ ನಾಟಿತು.

ಮರುದಿನ ಅವಳು ಕಾದಳು. ತಮ್ಮನ ಮೇಲೆ ಅಂದು ಕೂಗಾಡಿದಾಗ ಸುತ್ತ ಇದ್ದವರೆಲ್ಲ ಬೀದಿಯಲ್ಲಿ ಕಾಣಿಸಿಕೊಳ್ಳುವವರೆಗೆ ಕಾದು, ಅವರನ್ನು ಕರೆದುಕೊಂಡೇ ಗ್ಯಾರೇಜಿಗೆ ನಡೆದಳು.

"ಬೋಲ್ಟು ತಂದಿದ್ದು ಇವನಲ್ಲ, ನನ್ನ ಗಂಡ. ನನ್ನ ಅಂಗಡೀದು ಅಂತ ಸುಳ್ಳು ಹೇಳಿದ್ದೂ ಅವರೇ. ಅವತ್ತು ನಾನು ಅಂದಿದ್ರಲ್ಲಿ ಅರ್ಧ ತಪ್ಪು."

"ಇನ್ನರ್ಧ?" ಎಂದ ತಮ್ಮ, ಕೈಯ ಎಣ್ಣೆ ಒರೆಸುತ್ತ.

"ಅದು ನಿನ್ನ ಕೈಗೆ ಗೊತ್ತು."

"ಹೇಳಿ ಆಯ್ತಲ್ಲ, ಹೊರಡು. ಇನ್ನೊಂದ್ಸಲ ಈ ಹೊಸಿಲು ತುಳೀಬೇಡ."

ಅವಳು ಮತ್ತೆ ತುಳಿಯಲಿಲ್ಲ. ತಮ್ಮ ತನಗೆ ಬೇಕಾದ ಬೋಲ್ಟುಗಳನ್ನು ಬಸ್ಸು ಹತ್ತಿ ಹೋಗಿ ತಂದ, ಅವಳಲ್ಲಿ ಕೊಳ್ಳಲಿಲ್ಲ. ಗಿರಾಕಿಗಳು ಕ್ರಮೇಣ ಅವನ ಬಳಿಗೆ ಮರಳಿದರು, ಎಲ್ಲರೂ ಅಲ್ಲ. ಗಂಡನ ಮಂಡಿ ಪೂರ್ತಿ ಮಡಚಲಿಲ್ಲ. ಇಲಾಖೆ ಅವನನ್ನು ಕಚೇರಿಯೊಳಗಿನ ಕುರ್ಚಿಗೆ ಹಾಕಿತು. ಮನೆಯಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡಿದರು: ನೀರು ಬಂತು, ಬೀಗ ಎಲ್ಲಿ, ಅಷ್ಟೇ.

ಆರು ತಿಂಗಳಾದ ಮೇಲೆ ಅಪರಿಚಿತನೊಬ್ಬ ಆ ಗಾಡಿಯನ್ನೇ ಅವಳ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಬಿದ್ದಂದಿನಿಂದ ತಮ್ಮನ ಗ್ಯಾರೇಜಿನ ಪಕ್ಕದಲ್ಲೇ ಇದ್ದದ್ದನ್ನು ಗಂಡ ಅವಳಿಗೆ ಹೇಳದೆ ಮಾರಲು ಹೊರಟಿದ್ದ. ಕೊಳ್ಳುವವನಿಗೆ ಅದು ಬಿದ್ದ ಗಾಡಿ ಎಂದು ಯಾರೋ ಹೇಳಿದ್ದರಂತೆ. ಈ ಅಕ್ಕ ಒಮ್ಮೆ ಬ್ರೇಕು ನೋಡಿ ಹೇಳಲಿ ಎಂದು ಬಂದಿದ್ದ.

ಅವಳು ನೆಲಕ್ಕೆ ಕೂತು ಹದಿನಾಲ್ಕರ ಸ್ಪ್ಯಾನರು ಹಾಕಿದಳು. ಬೋಲ್ಟು ಸಲೀಸಾಗಿ ಬಂತು. ತೂತಿನೊಳಗೆ ಟಾರ್ಚು ಬಿಟ್ಟಳು. ಹಾಳಾದ ಥ್ರೆಡ್ಡನ್ನು ಯಾರೋ ಕೊರೆದು ತೆಗೆದು, ಒಳಗೆ ಉಕ್ಕಿನ ಹೊಸ ಸುರುಳಿ ಕೂರಿಸಿದ್ದರು. ಅಂಚು ಒಂದಿಷ್ಟೂ ಮೇಲೆದ್ದಿರಲಿಲ್ಲ. ಬೋಲ್ಟನ್ನು ಬೆರಳಿಂದ ತಿರುಗಿಸಿದಳು. ಕೊನೆಯವರೆಗೂ ಹೋಯಿತು. ಬಿಚ್ಚಿ ಗೇಜು ಹಿಡಿದಳು, ಇನ್ನೊಂದು ಬೋಲ್ಟನ್ನೂ ಬಿಚ್ಚಿದಳು, ಉದ್ದ ಅಳೆದಳು. ತಪ್ಪು ಹುಡುಕುವುದರಲ್ಲಿ ಕಾರ್ಖಾನೆಯ ಹನ್ನೊಂದು ವರ್ಷವನ್ನೂ ಖರ್ಚು ಮಾಡಿದಳು. ಸಿಗಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ತಮ್ಮ ಆಚೆ ಬದಿಯಲ್ಲಿ ಗ್ಯಾರೇಜಿನ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಸರಿಯಾಗಿದೆ," ಎಂದಳು ಅವಳು, ಆಚೆ ಬದಿಗೂ ಕೇಳುವಷ್ಟು ಗಟ್ಟಿಯಾಗಿ.

ಕೊಳ್ಳುವವನು ಇನ್ನೇನಾದರೂ ಹೇಳುತ್ತಾಳೆಂದು ನಿಂತೇ ಇದ್ದ. ದಾರಿಗೆ ಅಡ್ಡ ನಿಲ್ಲಬೇಡ, ಗಾಡಿ ತೆಗಿ ಎಂದು ಅವನನ್ನು ಗದರಿಸಿ ಅವಳು ಕೈ ತೊಳೆಯಲು ಹೋದಳು. ತಿರುಗಿ ಬಂದಾಗ ತಮ್ಮ ಬಾಗಿಲಲ್ಲಿರಲಿಲ್ಲ.