ಎಂಟು ಸಂಪುಟಗಳ ಕ್ರಮ

ಪ್ರಕಾಶನದ ಕಚೇರಿಯಲ್ಲಿ ಅವರನ್ನು ಎಲ್ಲರೂ ಕೊಂಬಕ್ಕ ಎನ್ನುತ್ತಿದ್ದರು. ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದೇ ಪುಟದಲ್ಲಿ ಹನ್ನೊಂದು ಅಕ್ಷರಗಳಿಗೆ ಕೊಂಬು ಬಿಟ್ಟುಹೋದದ್ದನ್ನು ಹಿಡಿದಿದ್ದರಂತೆ. ಆಗದವರು, ‘ಅವರ ತಲೆ ಮೇಲೂ ಎರಡಿವೆ’ ಎಂದು ನಗುತ್ತಿದ್ದರು.

ಇಪ್ಪತ್ತೆಂಟು ವರ್ಷ ಕಿಟಕಿ ಪಕ್ಕದ ಅದೇ ಮೇಜು, ಅದೇ ಕೆಂಪು ಪೆನ್ನು. ಅಷ್ಟರಲ್ಲಿ ಅವರು ತಪ್ಪು ಹುಡುಕುವುದನ್ನು ಮರೆತು ಓದಿದ್ದು ಒಂದೇ ಕಾದಂಬರಿ ಮಾಲೆಯನ್ನು. ದೋಣಿಗಾರನೊಬ್ಬನ ಮನೆತನದ ಕಥೆ, ಆರು ಸಂಪುಟ. ಆ ಮನೆಯ ಅಣ್ಣತಮ್ಮಂದಿರಲ್ಲಿ ತಮ್ಮ ಮುಳುಗಿದ ದಿನ ದೋಣಿಯ ಹಗ್ಗ ಬಿಚ್ಚಿದ್ದು ಅಣ್ಣನೇ ಎಂಬುದು ನಾಲ್ಕನೆಯದರ ಕೊನೆಯಲ್ಲಿ ತಿಳಿಯುತ್ತದೆ. ಆ ಕರಡು ಓದಿದ ಮಧ್ಯಾಹ್ನ ಕೊಂಬಕ್ಕ ಊಟದ ಡಬ್ಬಿ ತೆರೆಯಲಿಲ್ಲ. ಮೂರು ಸಂಪುಟದುದ್ದಕ್ಕೂ ಆ ಅಣ್ಣನನ್ನು ದೇವರಂಥ ಮನುಷ್ಯ ಎಂದು ನಂಬಿದ್ದರು.

ಆಮೇಲೆ ಲೇಖಕಿ ಅದೇ ಮನೆತನದ ಹಿಂದಿನ ಕಥೆಯನ್ನು ಇನ್ನೆರಡು ಸಂಪುಟ ಬರೆದರು. ಅಣ್ಣತಮ್ಮಂದಿರ ಬಾಲ್ಯ, ಜಗಳ, ಆ ಹಗ್ಗ, ಎಲ್ಲ ಅದರಲ್ಲಿತ್ತು. ಎಂಟನ್ನೂ ಒಟ್ಟಿಗೆ ಮರುಮುದ್ರಿಸುವಾಗ ಯಾವುದು ಮೊದಲು ಎಂಬ ಪ್ರಶ್ನೆ ಬಂತು.

“ಅಕ್ಕಾ, ನೀವೇ ಹೇಳಿ. ಇವನ್ನ ನಿಮ್ಮಷ್ಟು ಓದಿದವರು ಯಾರಿದಾರೆ?” ಎಂದರು ಪ್ರಕಾಶಕರು.

ಅಷ್ಟು ವರ್ಷದಲ್ಲಿ ಯಾರೂ ಅವರ ಅಭಿಪ್ರಾಯ ಕೇಳಿರಲಿಲ್ಲ. ಕೊಂಬಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಂಟನ್ನೂ ಮತ್ತೆ ಓದಿದರು. ಅದು ಸಾಲದೆಂದು, ಈ ಪುಸ್ತಕಗಳನ್ನು ಮುಟ್ಟಿಯೇ ಇರದ ತಂಗಿಯ ಮಗಳಿಗೆ ಹಿಂದಿನ ಕಥೆಯನ್ನೇ ಮೊದಲು ಕೊಟ್ಟು ನೋಡಿದರು. ಹುಡುಗಿ ಬಸ್ಸಿನಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ, ಎಲ್ಲೆಂದರಲ್ಲಿ ಕೂತು ಓದಿದಳು. ಹಗ್ಗದ ಗುಟ್ಟು ಹೊರಬೀಳುವ ಹಳೆಯ ನಾಲ್ಕನೆಯ ಸಂಪುಟವನ್ನು ಅವಳು ಮುಗಿಸುವಾಗ ಕೊಂಬಕ್ಕ ಎದುರಿಗೇ ಕೂತಿದ್ದರು.

“ಹೇಗಿತ್ತೇ?”

“ಚೆನ್ನಾಗಿದೆ ದೊಡ್ಡಮ್ಮ. ಆದ್ರೆ ಅವನೇ ಅಂತ ಮೊದಲೇ ಗೊತ್ತಿತ್ತಲ್ಲ. ಇವರೆಲ್ಲ ಯಾಕಿಷ್ಟು ಅಳ್ತಾರೆ ಅನ್ನಿಸ್ತು.”

ತಮಗೆ ಸಿಕ್ಕಿದ್ದ ಆ ಮಧ್ಯಾಹ್ನವನ್ನು ಈ ಹುಡುಗಿಯಿಂದ ಕೊಂಬಕ್ಕ ತಾವೇ ಕಿತ್ತುಕೊಂಡಿದ್ದರು. ಇನ್ನು ಏನು ಮಾಡಿದರೂ ಅದು ಅವಳಿಗೆ ಸಿಗುವಂತಿರಲಿಲ್ಲ.

ಬರೆದ ಕ್ರಮದಲ್ಲೇ ಇರಲಿ, ಹಿಂದಿನ ಕಥೆ ಕೊನೆಗೆ ಬರಲಿ ಎಂದು ನಾಲ್ಕು ಪುಟ ಬರೆದು ಪ್ರಕಾಶಕರಿಗೆ ಕೊಟ್ಟರು. ಅವರು ಓದದೆ ಮಡಚಿ ಡ್ರಾಯರಿಗೆ ಹಾಕಿದರು. ಹಿಂದಿನ ಕಥೆಗೆ ಒಂದು, ಎರಡು ಎಂದು ಅಂಕಿ ಹಾಕಿದ ಮುಖಪುಟಗಳು ಆಗಲೇ ಅಚ್ಚಾಗಿ ಬಂದು ಅದೇ ಮೇಜಿನ ಕೆಳಗೆ ಕಟ್ಟು ಕಟ್ಟಾಗಿ ಬಿದ್ದಿದ್ದವು.

“ಹಾಗಾದ್ರೆ ನನ್ನ ಯಾಕೆ ಕೇಳಿದ್ರಿ?”

“ಹೋಗ್ಲಿ ಬಿಡಿ ಅಕ್ಕಾ. ಕಥೆ ಶುರುವಿಂದ ಇದ್ರೆ ಕೊಳ್ಳೋರಿಗೆ ಗೊಂದಲ ಇರಲ್ಲ.”

ಯಾಕೆ ಕೇಳಿದ್ದೆಂದು ಗೊತ್ತಾದದ್ದು ಪುಸ್ತಕ ಹೊರಬಂದ ಮೇಲೆ, ಎಂಬತ್ತು ದಾಟಿದ ಲೇಖಕಿ ಫೋನ್ ಮಾಡಿದಾಗ.

“ಹಿಂದಿನ ಕಥೆನ ಕೊನೆಗೇ ಓದ್ಲಿ ಅಂತ ಬರೆದಿದ್ದೆ ನೋಡಿ. ಈ ಕ್ರಮಕ್ಕೆ ನಾನು ಒಪ್ಪಿರಲಿಲ್ಲ. ನೀವೇ ಹೀಗೆ ಹೇಳಿದ್ರಿ ಅಂತ ಪ್ರಕಾಶಕರು ಅಂದಮೇಲೆ ಸುಮ್ಮನಾದೆ. ನಿಮ್ಮ ಮೇಲೆ ಅಷ್ಟು ನಂಬಿಕೆ ನನಗೆ.”

“ನಾನು ಹೇಳಿದ್ದು ಉಲ್ಟಾ ಅಮ್ಮಾ. ನಾಲ್ಕು ಪುಟ ಬರೆದುಕೊಟ್ಟಿದ್ದೆ.”

“ಮೊದಲೇ ನನಗೊಂದು ಫೋನ್ ಮಾಡಬಾರದಿತ್ತಾ?” ಎಂದು ಲೇಖಕಿ ಫೋನ್ ಇಟ್ಟರು. ಮತ್ತೆಂದೂ ಮಾಡಲಿಲ್ಲ.

ಆ ಮಾತು ಮುಳ್ಳಿನಂತೆ ಉಳಿಯಿತು. ಲೇಖಕಿಯ ನಂಬರು ಮೇಜಿನ ಗಾಜಿನಡಿಯಲ್ಲೇ ಇತ್ತು. ತಮ್ಮನ್ನು ಕೇಳಿದರೆಂಬ ಹಿಗ್ಗಿನಲ್ಲಿ, ಬರೆದವರನ್ನು ಕೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಪ್ರಕಾಶಕರ ಕೋಣೆಗೆ ಹೋಗಿ ಕೂಗಾಡುವವರಲ್ಲ ಅವರು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಎರಡನೆಯ ಮುದ್ರಣದ ಕರಡು ಅವರ ಮೇಜಿಗೇ ಬಂತು. ಮೊದಲ ಪುಟದಲ್ಲೊಂದು ಹೊಸ ಸಾಲು: ‘ಓದಿನ ಕ್ರಮ ನಮ್ಮ ಹಿರಿಯ ಕರಡು ತಿದ್ದುಗರ ಸಲಹೆಯಂತೆ.’ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದುಹಾಕಿ ಕಳಿಸಿದರು.

ಪುಸ್ತಕ ಬಂದಾಗ ಸಾಲು ಅಲ್ಲೇ ಇತ್ತು. ಕೊಂಬಕ್ಕ ತಮ್ಮ ಪಾಲಿನ ಪ್ರತಿಗಳನ್ನು ಮನೆಗೆ ಒಯ್ಯಲಿಲ್ಲ.