ಗಾಜಿಗೆ ಅಂಟಿಕೊಂಡಿದ್ದ ಅಜ್ಜಿ

ನನ್ನ ತಾಯಿಯ ತಾಯಿ ಈ ಲೋಕದಲ್ಲಿ ಬಿಟ್ಟುಹೋದದ್ದು ಒಂದೇ ಒಂದು ಭಾವಚಿತ್ರ. ಅದು ಮಾನ್ವಿಯ ನನ್ನ ಸೋದರಮಾವನ ಮನೆಯ ಪಡಸಾಲೆಯಲ್ಲಿ, ಬುದ್ಧನ ಚಿತ್ರದ ಪಕ್ಕದಲ್ಲಿ ತೂಗುತ್ತಿತ್ತು. ಅಜ್ಜಿ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತವಳು. ಅಳತೆಗೆಂದು ಬಂದ ಯಾರೋ ಒಬ್ಬರು, ಬುಟ್ಟಿ ಹೊತ್ತು ನಿಂತಿದ್ದ ಆಕೆಯ ಕಡೆಗೆ ಕ್ಯಾಮೆರಾ ತಿರುಗಿಸಿದರಂತೆ. ಮುಂದೊಮ್ಮೆ ಒಂದು ಪ್ರತಿಯನ್ನೂ ತಂದುಕೊಟ್ಟರಂತೆ. ಚಿತ್ರದಲ್ಲಿ ಆಕೆ ನಗುತ್ತಿಲ್ಲ, ಅಳುತ್ತಲೂ ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ನಮ್ಮೆಲ್ಲರ ತಲೆಯ ಮೇಲಿಂದ ದೂರದ ಏನನ್ನೋ ನೋಡುತ್ತಾಳೆ.

ಆಕೆಗೆ ಮೂವರು ಮಕ್ಕಳು: ಹಿರಿಯ ಸೋದರಮಾವ, ನಡುವೆ ನನ್ನ ತಾಯಿ, ಕೊನೆಯವಳು ದೇವದುರ್ಗದ ಚಿಗವ್ವ. ಅಜ್ಜಿ ತೀರಿಕೊಂಡಾಗ ಚಿಗವ್ವ ಇನ್ನೂ ಮೊಲೆಹಾಲಿನ ಕೂಸು. ದೇವದುರ್ಗದ ಬಂಧುಗಳು ಎತ್ತಿಕೊಂಡು ಹೋಗಿ ಸಾಕಿದರು. ಚಿಗವ್ವ ಮಾನ್ವಿಗೆ ಬಂದಾಗಲೆಲ್ಲ ಆ ಪಟದ ಕೆಳಗೇ ಕುಳಿತು ಊಟ ಮಾಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಈಗ ಮೊಣಕಾಲು ನೋವಿನಿಂದ ಆಕೆಗೆ ಬಸ್ಸು ಹತ್ತಲಾಗುವುದಿಲ್ಲ. ಕಳೆದ ವರ್ಷ ನನ್ನ ಕೈ ಹಿಡಿದುಕೊಂಡು, ತನ್ನ ಮನೆಯ ಗೋಡೆಗೂ ಅವ್ವ ಬರಲಿ ಎಂದು ಕೇಳಿದಳು. ಪಟದ ಒಂದು ಪ್ರತಿ ಮಾಡಿಸಿ ತರುವೆನೆಂದು ನಾನು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭವಾಗಿತ್ತು. ಕಷ್ಟ ತಿಳಿದದ್ದು ಪಟವನ್ನು ಕೈಗೆತ್ತಿಕೊಂಡಾಗ. ಪ್ರತಿ ಅಮಾವಾಸ್ಯೆಗೆ ಸೋದರಮಾವನ ಹೆಂಡತಿ, ನನ್ನ ಅತ್ತೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮವಿಡುತ್ತಾಳೆ. ಎಂದೋ ಒಡೆದ ಗಾಜಿನ ಮೂಲೆಯಿಂದ ಆ ನೀರು ವರ್ಷಗಟ್ಟಲೆ ಒಳಗಿಳಿದು, ಚಿತ್ರವನ್ನು ಗಾಜಿಗೆ ಮೆತ್ತಿಬಿಟ್ಟಿತ್ತು. ಹಣೆಯ ಸುತ್ತ ಕೆಂಪು ಮಬ್ಬು ಹಬ್ಬಿತ್ತು. ಶ್ರದ್ಧೆಯೇ ಶ್ರದ್ಧೆಯ ವಸ್ತುವನ್ನು ಅಳಿಸುವ ಬಗೆಯನ್ನು ಕುರಿತು, ನಾವು ಒಪ್ಪಿಕೊಂಡ ಬುದ್ಧನ ಧಮ್ಮದಲ್ಲಿ ಪಟಕ್ಕೆ ಕುಂಕುಮದ ಸ್ಥಾನವೇನೆಂಬುದನ್ನು ಕುರಿತು, ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಕ್ರಮದಲ್ಲಿಯೇ ನಾನು ವಾದ ಹೂಡಿದೆ. ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಬುದ್ಧಗ ಹೂವ ಇಡ್ತೀನಿ, ನಮ್ಮ ಅತ್ತೆವ್ವಗ ಕುಂಕುಮ ಇಡ್ತೀನಿ. ಅವರಿಬ್ರೂ ಒಂದಿನಾನೂ ಜಗಳ ಮಾಡಿಲ್ಲ. ನೀ ಯಾಕ ಮಾಡಾಕತ್ತೀಯವ್ವಾ?”

ಸೋದರಮಾವ ಪಟವನ್ನು ಹಳೆಯ ಧೋತರದಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. ಹೊತ್ತು ಮುಳುಗುವುದರೊಳಗೆ ಹೋದ ಹಾಗೆಯೇ ಮರಳಬೇಕು ಎಂಬುದಷ್ಟೇ ಅವರ ಷರತ್ತು.

ರಾಯಚೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಬಿಸಿಲು ತಾಕದಿರಲೆಂದು ಪಟಕ್ಕೆ ಸೆರಗು ಹೊದಿಸಿದ್ದೆ. ಹೊರಗೆ ನೀರು ನಿಂತ ಭತ್ತದ ಗದ್ದೆಗಳು ಆಕಾಶದ ತುಣುಕುಗಳಂತೆ ಸರಿಯುತ್ತಿದ್ದವು. ಅರೆನಿದ್ದೆಯಲ್ಲಿ, ಆ ನೀರಿನ ಅಂಚಿನಲ್ಲಿ ಒಬ್ಬ ಹೆಂಗಸು ಬಸ್ಸಿನ ಜೊತೆಗೇ ನಡೆದು ಬರುತ್ತಿರುವಂತೆ ಕಂಡಿತು. ಬಸ್ಸು ಓಡಿದರೂ ಆಕೆ ಹಿಂದುಳಿಯಲಿಲ್ಲ, ಬುಟ್ಟಿಯೂ ಅಲುಗಲಿಲ್ಲ. ಎಚ್ಚರವಾದಾಗ ನನ್ನ ಎರಡೂ ಕೈಗಳು ಧೋತರದ ಗಂಟನ್ನು ಬಿಗಿಯಾಗಿ ಹಿಡಿದಿದ್ದವು.

ಪ್ರತಿ ತೆಗೆಸಲು ನಾನು ಹೋದ ರಾಯಚೂರಿನ ಸ್ಟುಡಿಯೋದ ಮಾಲೀಕರು ವಯಸ್ಸಾದವರು. ಕತ್ತಲೆಕೋಣೆಯ ಕಾಲದಿಂದ ಕಂಪ್ಯೂಟರಿನ ಕಾಲಕ್ಕೆ ಬಂದವರು. ಪಟವನ್ನು ಒಂದು ಸಲ ಓರೆಯಾಗಿ ಹಿಡಿದು ನೋಡಿದರು. ಚಿತ್ರವನ್ನು ಗಾಜಿನಿಂದ ಬಿಡಿಸಿ, ಕುಂಕುಮದ ಮಬ್ಬನ್ನು ಒದ್ದೆ ಹತ್ತಿಯಿಂದ ಒರೆಸಿಬಿಡಿ ಎಂದು ನಾನು ಹೇಳಿದೆ. ಅವರು ಪಟವನ್ನು ನನ್ನಿಂದ ದೂರಕ್ಕೆ ಸರಿಸಿದರು.

“ಬಿಡಿಸಿದ್ರ ಮುಖ ಗಾಜಿಗೇ ಉಳೀತದ ಮೇಡಂ. ನಿಮ್ಮ ಕೈಯಾಗ ಬರೇ ಕಾಗದ ಬರ್ತದ.”

ಅತ್ತೆಯ ಒದ್ದೆ ಬಟ್ಟೆಯನ್ನು ಖಂಡಿಸಿದ್ದ ನಾನೇ ಒದ್ದೆ ಹತ್ತಿಯನ್ನು ಕೇಳಿದ್ದೆನೆಂಬುದು ಆಗ ಹೊಳೆಯಿತು. ಮೂಲೆಯ ಸ್ಟೂಲಿನ ಮೇಲೆ ಕುಳಿತೆ.

ಅವರು ಕೆಲಸಕ್ಕೆ ತೊಡಗಿದರು. ಪಟವನ್ನು ಗಾಜಿನ ಸಮೇತ ಬಡಗಣ ಕಿಟಕಿಯ ಬಳಿ ನಿಲ್ಲಿಸಿದರು. ಫ್ಲ್ಯಾಶ್ ಬೇಡವೆಂದರು; ಗಾಜು ಆ ಬೆಳಕನ್ನು ಮರಳಿ ಎಸೆಯುತ್ತದಂತೆ. ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟಾಗ, ಗಾಜಿನಲ್ಲಿ ತೇಲುತ್ತಿದ್ದ ನಮ್ಮ ಪ್ರತಿಬಿಂಬಗಳು ಒಂದೊಂದಾಗಿ ಅಳಿದು, ಒಳಗೆ ಅಜ್ಜಿ ಒಬ್ಬಳೇ ಉಳಿದಳು. ನಾವೆಲ್ಲ ಪಕ್ಕಕ್ಕೆ ಸರಿದ ಮೇಲೆ ಆಕೆಗೆ ಮುಂದೆ ಬರಲು ದಾರಿಯಾದಂತೆ ಅನಿಸಿತು. ಹತ್ತಾರು ಸಲ ತೆಗೆದರು. ಮೊದಲ ಪ್ರತಿಯನ್ನು ಕಲೆ, ಬಿರುಕು, ಕೆಂಪಿನ ಸಮೇತ ಹಾಗೆಯೇ ಬೇರೆ ಇಟ್ಟರು. ತಿದ್ದುವುದೇನಿದ್ದರೂ ಅದರ ನಕಲಿನಲ್ಲಿ ಎಂಬುದು ಅವರ ನಿಯಮ.

ಆಮೇಲೆ, ಬಂದವರೆಲ್ಲ ಕೇಳುವುದನ್ನೇ ನಾನೂ ಕೇಳುವೆನೆಂದು ಭಾವಿಸಿ, ಬುಟ್ಟಿ ತೆಗೆದು ರೇಷ್ಮೆ ಸೀರೆ ಉಡಿಸಲೇ, ಕೊರಳಿಗೆ ಸರ ಹಾಕಲೇ ಎಂದು ವಿಚಾರಿಸಿದರು. ನಾನು ಎದ್ದು ನಿಂತೆ. ದುಡಿಮೆಯ ಘನತೆಯನ್ನೂ, ಹಿರಿಯರ ಬಡತನಕ್ಕೆ ನಾಚುವ ಮೊಮ್ಮಕ್ಕಳ ಅವಿವೇಕವನ್ನೂ ಕುರಿತು ಮೂರು ಅಂಶಗಳನ್ನು ಮುಂದಿಟ್ಟೆ. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಅವರು, “ಬೆಳಕು ಹೋಗಾಕತ್ತದ ಮೇಡಂ. ಬುಟ್ಟಿ ಇರ್ಲಿ ಅಂದ್ರ ಸಾಕ್ರಿ,” ಎಂದರು.

ಒಳಗೆ ಇನ್ನೂ ತೇವವಿದೆಯೇ ಎಂದು ನೋಡಲು ಪಟದ ಕಟ್ಟಿನ ಹಿಂದಿನ ಹಲಗೆಯ ಮೊಳೆಗಳನ್ನು ಬಿಚ್ಚಿದಾಗ, ಅವರ ಕೈ ನಿಂತಿತು. ಚಿತ್ರ ಕಟ್ಟಿಗಿಂತ ಉದ್ದವಿತ್ತು. ಅಂದು ಕಟ್ಟು ಹಾಕಿದವರು ಕತ್ತರಿಸಲು ಮನಸ್ಸಾಗದೆ ಕೆಳಗಿನ ನಾಲ್ಕು ಬೆರಳಗಲವನ್ನು ಹಿಂದಕ್ಕೆ ಮಡಚಿದ್ದರು. ನೀರು ಕಾಣದ ಆ ಪಟ್ಟಿ ನಿನ್ನೆ ತೆಗೆದ ಚಿತ್ರದಷ್ಟು ಸ್ವಚ್ಛವಾಗಿತ್ತು. ಅದರಲ್ಲಿ ಅಜ್ಜಿಯ ಮಣ್ಣು ಮೆತ್ತಿದ ಪಾದಗಳಿದ್ದವು. ಪಾದಗಳ ಪಕ್ಕದಲ್ಲಿ, ಹಾಸಿದ ಒಂದು ಬಟ್ಟೆಯ ಮೇಲೆ ಒಂದು ಕೂಸು ಮಲಗಿತ್ತು. ಚಿತ್ರ ತೆಗೆಯುವ ಕ್ಷಣದಲ್ಲಿ ಅದು ತಲೆ ತಿರುಗಿಸಿರಬೇಕು. ಮುಖವಿದ್ದ ಕಡೆ ಒಂದು ಬಿಳಿಯ ಮಂಜಷ್ಟೇ ಉಳಿದಿತ್ತು.

ಮಡಿಕೆಯನ್ನು ಬಿಡಿಸಿದರೆ ಅಲ್ಲಿಯೇ ಹರಿಯುವುದೆಂದು, ಅವರು ಹಿಂದುಗಡೆಯಿಂದಲೇ ಪಟ್ಟಿಯ ಚಿತ್ರ ತೆಗೆದು, ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸುವೆನೆಂದರು. ಸಂಜೆಗೆ ಪಟ ಮಾನ್ವಿಯ ಮೊಳೆಗೆ ಮರಳಿತು. ನಾನು ಸೋದರಮಾವನಿಗೆ ಕೂಸಿನ ವಿಷಯ ಹೇಳಿದೆ. ಯಾವ ಕೂಸೆಂದು ಅವರಿಗೂ ಗೊತ್ತಿರಲಿಲ್ಲ; ಮೂವರನ್ನೂ ಅವ್ವ ಕೆಲಸಕ್ಕೆ ಎತ್ತಿಕೊಂಡೇ ಹೋಗುತ್ತಿದ್ದಳು ಎಂದರು.

ಹತ್ತು ದಿನಗಳ ನಂತರ, ಮೂರು ಮನೆಗೆ ಮೂರು ಪ್ರತಿ ಮಾಡಿಸಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಕಲ್ಮಲ ದಾಟುವಾಗ ನನ್ನ ಪ್ರತಿಯನ್ನು ತೆಗೆದು ನೋಡಿದೆ. ನನ್ನ ತಾಯಿ ಈಗಿಲ್ಲ; ಆಕೆಯ ಬಾಲ್ಯದ ಒಂದು ಗುರುತೂ ನನ್ನ ಬಳಿ ಇಲ್ಲ. ಆ ಬಿಳಿಯ ಮಂಜು ಆಕೆಯೇ ಆಗಿರಬಾರದೇಕೆ? ಬಸ್ಸು ಕುಲುಕಿದಾಗಲೆಲ್ಲ ಕೂಸು ಕಾಲು ಆಡಿಸಿದಂತೆ ಕಾಣುತ್ತಿತ್ತು. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬಾರದೆಂದು ಊರೂರು ತಿರುಗಿ ಭಾಷಣ ಮಾಡುವ ನಾನು, ಗಬ್ಬೂರು ಬರುವವರೆಗೆ ಅದು ನನ್ನ ತಾಯಿಯೆಂದೇ ನಂಬಿದ್ದೆ.

ಚಿಗವ್ವ ಹೊಸ್ತಿಲಲ್ಲಿಯೇ ಕುಳಿತಿದ್ದಳು. ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಮೊದಲು ಮುಖ ನೋಡಿದಳು, ಆಮೇಲೆ ಬುಟ್ಟಿ, ಆಮೇಲೆ ಪಾದ. ಬೆರಳು ಕೂಸಿನ ಹತ್ತಿರ ಬಂದು ನಿಂತಿತು.

“ಇದು ನಾನಾ?”

ಮೂವರು ಮಕ್ಕಳಿರುವಾಗ ಒಬ್ಬರನ್ನೇ ಆರಿಸಲು ಆಧಾರವಿಲ್ಲವೆಂಬ ವಾದ ನಾಲಿಗೆಯ ತುದಿಯಲ್ಲಿತ್ತು. ನನ್ನ ತಾಯಿಯ ಪರವಾಗಿ ಆಡಬಹುದಾದ ಮಾತೂ ಇತ್ತು. ಆದರೆ ಸೋದರಮಾವನಿಗೂ ನನ್ನ ತಾಯಿಗೂ ಅವ್ವನ ಮುಖ ನೆನಪಿನಲ್ಲಿತ್ತು. ಈಕೆಗೆ ಅದೂ ಇರಲಿಲ್ಲ.

“ನೀನ ಇರಬೇಕು, ಚಿಗವ್ವಾ,” ಎಂದೆ. ಸುಳ್ಳಾಗದಂತೆ ನನ್ನಿಂದ ಹೇಳಲಾದದ್ದು ಅಷ್ಟೇ.

ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ನಾನು ಚಹಾ ಮುಗಿಸುವುದರೊಳಗೆ ನೆರೆಮನೆಯ ಇಬ್ಬರು ಹೆಂಗಸರು ಬಂದು ಕುಳಿತಿದ್ದರು. ಚಿಗವ್ವ ಅವರಿಗೆ ಅಂದಿನ ಬಿಸಿಲನ್ನು, ಅವ್ವ ಬುಟ್ಟಿ ಇಳಿಸಿ ಬಂದು ತನ್ನನ್ನು ಎತ್ತಿಕೊಂಡದ್ದನ್ನು ನಿಧಾನವಾಗಿ, ಒಂದೊಂದಾಗಿ ಹೇಳುತ್ತಿದ್ದಳು. ನೆರೆಯಾಕೆ ಚಿತ್ರವನ್ನು ಬೆಳಕಿಗೆ ಹಿಡಿದು, ಬರೀ ಕಪ್ಪು ಬಿಳುಪಿನಲ್ಲಿ ಕೂಸಿನ ಕೆಳಗಿನ ಬಟ್ಟೆಯ ಬಣ್ಣವೂ ತಿಳಿಯುವುದಿಲ್ಲವಲ್ಲ ಎಂದಳು.

“ಕೆಂಪಿತ್ತು,” ಎಂದಳು ಚಿಗವ್ವ. “ಅಂಚು ಹಸರು.”